ರಿಜಿಸ್ಟರಿನಲ್ಲಿಲ್ಲದ ಸೂಜಿ

ಸೂಜಿ ಚುಚ್ಚಿದ್ದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ. ಎಡಗೈ ತೋರುಬೆರಳಿಗೆ. ನಾಲ್ಕನೇ ವಾರ್ಡಿನ ಹಳದಿ ಚೀಲ ತುಂಬಿತ್ತು. ಬಾಯಿ ಕಟ್ಟಬೇಕೆಂದು ಸತ್ಯಭಾಮಾ ಅದನ್ನು ಅಮುಕಿದಳು. ಒಳಗಿನಿಂದ ಏನೋ ಕಚ್ಚಿತು. ಕೈ ಕಿತ್ತುಕೊಂಡು ನೋಡಿದರೆ ಗ್ಲೌಸಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ರಕ್ತ.

ಹಳದಿ ಚೀಲದಲ್ಲಿ ಸೂಜಿ ಇರಬಾರದು. ಆ ಆಸ್ಪತ್ರೆಯ ಗೋಡೆಗೋಡೆಗೂ ಅಂಟಿಸಿದ ಮಾತು ಇದು. ಹಳದಿಗೆ ರಕ್ತದ ಹತ್ತಿ, ಪಟ್ಟಿ. ಕೆಂಪಿಗೆ ನಳಿಕೆ, ಸಿರಿಂಜು. ಸೂಜಿಗೆ ಬಿಳಿ ಡಬ್ಬಿ, ಚುಚ್ಚಿದರೂ ತೂತು ಬೀಳದ ಗಟ್ಟಿ ಡಬ್ಬಿ. ಆದರೆ ಡಬ್ಬಿ ಇರುವುದು ಆ ಮೂಲೆಗೆ, ಹಳದಿ ಚೀಲ ಮಾತ್ರ ಮಂಚದ ಪಕ್ಕದಲ್ಲೇ ನೇತಾಡುತ್ತಿರುತ್ತದೆ. ಅವಸರದ ಕೈ ಯಾವುದಕ್ಕೆ ಹಾಕುತ್ತದೆ, ನೀವೇ ಹೇಳಿ. ಹಾಕುವ ಕೈ ಒಂದು, ಚುಚ್ಚಿಸಿಕೊಳ್ಳುವ ಕೈ ಇನ್ನೊಂದು. ಎರಡನೆಯ ಕೈ ಯಾರದೆಂದು ಯಾರೂ ಕೇಳುವುದಿಲ್ಲ.

ಮರಾಠಿ ನಾಡಿನ ನೆರೂಳದ ಆ ಖಾಸಗಿ ಆಸ್ಪತ್ರೆಯಲ್ಲಿ ಕಸ ಎತ್ತುವ, ನೆಲ ಒರೆಸುವ, ರೋಗಿಗಳ ಹೇಲು ಉಚ್ಚೆ ಬಳಿಯುವ ಹೆಂಗಸರಿಗೆಲ್ಲ ಒಂದೇ ಹೆಸರು: ಮಾವಶಿ, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಇಪ್ಪತ್ತೆರಡರ ಸತ್ಯಭಾಮಾ ಮಾವಶಿ. ಅಲ್ಲಿಯೇ ಹನ್ನೆರಡು ವರ್ಷದಿಂದ ದುಡಿಯುವ ಅವಳ ಅವ್ವ ಚಂದ್ರಬಾಯಿಯೂ ಮಾವಶಿ. ತಾಯಿ ಮಗಳನ್ನು ಒಟ್ಟಿಗೆ ಕೂಗಬೇಕಾದರೆ 'ದೊಡ್ಡ ಮಾವಶಿ, ಸಣ್ಣ ಮಾವಶಿ'. ಚಿತ್ತಾಪುರದ ಕಡೆಯ ಒಂದು ಕೇರಿಯಿಂದ ಬಂದು ಕಳವಾ ಎಂಬ ಊರಿನ ಹತ್ತಡಿ ಖೋಲಿಯಲ್ಲಿ ನೆಲೆಸಿದ ಮನೆ ಅದು. ಊರಲ್ಲಿ ಊರಿನ ಕಸ ಎತ್ತಿದವರಿಗೆ ಇಲ್ಲಿ ಆಸ್ಪತ್ರೆಯ ಕಸ ಸಿಕ್ಕಿತು. ಬದಲಾದದ್ದು ಚೀಲದ ಬಣ್ಣ ಮಾತ್ರ.

ಅವಳು ನೇರ ಸೂಪರ್‌ವೈಸರ್ ಗುಣಪಾಲನ ಹತ್ತಿರ ಹೋದಳು. ಉಡುಪಿ ಕಡೆಯ ಮನುಷ್ಯ. ಗುತ್ತಿಗೆದಾರನ ಪರವಾಗಿ ಇಪ್ಪತ್ತಾರು ಮಾವಶಿಯರನ್ನು ನೋಡಿಕೊಳ್ಳುವವನು.

"ಎಂತ ಆಯ್ತು?"

"ಸೂಜಿ ಹೊಕ್ತುರೀ. ನಾಕನೇ ವಾರ್ಡಿನ ಚೀಲದಾಗಿಂದು."

ಅವನು ಬೆರಳು ನೋಡಲಿಲ್ಲ. ಬಾಗಿಲು ನೋಡಿದ. "ಯಾರಿಗೆಲ್ಲ ಹೇಳಿದ್ದಿ?"

"ಯಾರಿಗಿಲ್ಲ."

"ಹೇಳುವುದು ಬೇಡ. ಸ್ವಲ್ಪ ಸ್ಪಿರಿಟ್ ಹಾಕು, ಸರಿಯಾಗ್ತದೆ."

"ರಿಜಿಸ್ಟರ್‌ನಾಗ ಬರೀಬೇಕಂತಾರಲ್ರೀ ಸರ್."

"ಅದು ಸ್ಟಾಫಿಗೆ ಮಾರಾಯ್ತಿ. ನಾವು ಕಂಟ್ರಾಕ್ಟಿನವರು. ಮುಂದಿನ ವಾರ ಇನ್ಸ್‌ಪೆಕ್ಷನ್ ಉಂಟು, ಗೊತ್ತುಂಟಲ್ಲ? ಹನ್ನೊಂದು ತಿಂಗಳಿಂದ ಬೋರ್ಡಿನಲ್ಲಿ ಸೊನ್ನೆ ಉಂಟು. ನಿನ್ನ ಒಂದು ಬೆರಳಿಗೋಸ್ಕರ ಅದನ್ನು ಅಳಿಸ್ಲಿಕ್ಕೆ ಆಗ್ತದಾ?"

ಲಿಫ್ಟಿನ ಎದುರಿಗೆ ಆ ಬೋರ್ಡಿತ್ತು. ಬಿದ್ದ ರೋಗಿಗಳು ಇಷ್ಟು, ತಪ್ಪಿದ ಔಷಧ ಇಷ್ಟು, ಸೂಜಿ ಚುಚ್ಚಿದ್ದು ಸೊನ್ನೆ. ದಿನಾ ಬೆಳಿಗ್ಗೆ ಅದರ ಗಾಜು ಒರೆಸುವವಳು ಸತ್ಯಭಾಮಾ. ಹನ್ನೊಂದು ತಿಂಗಳಲ್ಲಿ ನಾಲ್ಕು ಮಾವಶಿಯರು ಬೆರಳು ಚೀಪುತ್ತ ಹೋದದ್ದನ್ನು ಅವಳೇ ಕಂಡಿದ್ದಳು. ಸೊನ್ನೆ ಅಂದರೆ ಸೊನ್ನೆ.

ಆ ದಿನ ಉಳಿದ ಕೆಲಸವನ್ನೆಲ್ಲ ಮಾಡಿದಳು. ಮಾಡುತ್ತ ಮಾಡುತ್ತ ಎಣಿಸಿದಳು. ವಾರ್ಡಿನಲ್ಲಿ ಹದಿನೆಂಟು ಮಂಚ. ಯಾವ ಮಂಚದ ಸೂಜಿ? ಹನ್ನೊಂದನೆಯ ಮಂಚದ ಗಂಡಸಿನ ಹತ್ತಿರ ಹೋಗುವಾಗ ಸಿಸ್ಟರುಗಳು ಎರಡು ಜೊತೆ ಗ್ಲೌಸು ಹಾಕಿಕೊಳ್ಳುತ್ತಿದ್ದರು. ಯಾಕೆಂದು ಮಾವಶಿಯರಿಗೆ ಯಾರೂ ಹೇಳಿರಲಿಲ್ಲ. ಅವನ ಹಾಸಿಗೆ ಬದಲಿಸುವಾಗ ಸತ್ಯಭಾಮಾಳಿಗೆ ಒಂದೇ ಜೊತೆ, ಅದೂ ತೊಳೆದು ಒಣಗಿಸಿದ್ದು. ಅವನ ಮುಖ ನೋಡಲು ಅವಳಿಗೆ ಆ ಮಧ್ಯಾಹ್ನ ಧೈರ್ಯ ಬರಲಿಲ್ಲ. ಅವನೇನೋ ನೀರು ಕೇಳಿದ. ಲೋಟ ಇಟ್ಟು ಓಡಿಬಂದಳು.

ಈ ಹುಡುಗಿ ಓದುತ್ತಲೂ ಇದ್ದಳು, ಅದನ್ನು ಹೇಳಬೇಕು. ಮರಾಠಿ ಶಾಲೆಯಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವಳು. ಈಗ ಆರು ತಿಂಗಳ ಆನ್‌ಲೈನ್ ಕೋರ್ಸು, ಆಸ್ಪತ್ರೆಗಳಲ್ಲಿ ಸೋಂಕು ತಡೆಯುವುದು ಹೇಗೆಂದು. ಪಾಸಾದರೆ ಚೀಲ ಹಿಡಿಯುವ ಕೈಗೆ ಕಾಗದ ಬರುತ್ತದೆ, ಸೂಪರ್‌ವೈಸರ್ ಆಗಬಹುದು. ಪಾಠವೆಲ್ಲ ಮೊಬೈಲಿನಲ್ಲಿ. ವಿಡಿಯೋ ನೋಡುವುದು, ಪರೀಕ್ಷೆ ಬರೆಯುವುದು ಅವಳಿಗೆ ಸಲೀಸು. ಜೀವ ತಿನ್ನುತ್ತಿದ್ದದ್ದು ಡಿಸ್ಕಶನ್ ಬೋರ್ಡು, ಕ್ಲಾಸಿನವರೆಲ್ಲ ಬರೆದು ಚರ್ಚೆ ಮಾಡುವ ಪುಟ.

ಪ್ರತಿ ಸೋಮವಾರ ಕೋರ್ಸಿನ ಪಾಠ ಹೇಳುವ ರಮಾಮಣಿ ಮೇಡಂ ಆ ಬೋರ್ಡಿನ ಮೇಲೆ ಒಂದು ಪ್ರಶ್ನೆ ಹಾಕುತ್ತಿದ್ದರು. ಬುಧವಾರದೊಳಗೆ ಸ್ವಂತದ್ದೊಂದು ಬರೆಯಬೇಕು. ಶನಿವಾರದೊಳಗೆ ಬೇರೆಯವರು ಬರೆದದ್ದಕ್ಕೆ ಎರಡು ಉತ್ತರ ಕೊಡಬೇಕು. ಇಂಗ್ಲಿಷು, ಹಿಂದಿ, ಮರಾಠಿ ಯಾವುದಾದರೂ ಸರಿ. ಬರೀ 'ಒಪ್ಪುತ್ತೇನೆ' ಎಂದರೆ ಅಂಕವಿಲ್ಲ. ಒಪ್ಪದಿದ್ದರೆ ಯಾಕೆಂದು ಮರ್ಯಾದೆಯಿಂದ ಹೇಳಬೇಕು. ನಿಮ್ಮ ಕೆಲಸದಿಂದ ಉದಾಹರಣೆ ಕೊಡಬೇಕು, ದಿನ, ಹೊತ್ತು, ಜಾಗ ಸಮೇತ. ಬರೆದು ಕಳಿಸಿದ ಮೇಲೆ ತಿದ್ದಲು, ಅಳಿಸಲು ಮೂವತ್ತು ನಿಮಿಷ. ಅದು ಮುಗಿದರೆ ಬರೆದದ್ದು ನಲವತ್ತೆರಡು ಮಂದಿಗೂ ಇ-ಮೇಲಿನಲ್ಲಿ ಹೋಗುತ್ತದೆ. ಆಮೇಲೆ ಅದನ್ನು ತೆಗೆಯಲು ಮೇಡಂಗೆ ಮಾತ್ರ ಸಾಧ್ಯ.

ಏಳು ವಾರ ಸತ್ಯಭಾಮಾ ಬರೆದದ್ದು ಒಂದೇ ಸಾಲು. 'ಒಪ್ಪುತ್ತೇನೆ ಸರ್. ಬಹಳ ಚೆನ್ನಾಗಿ ಬರೆದಿದ್ದೀರಿ.' ನಲವತ್ತೆರಡರಲ್ಲಿ ಸಿಸ್ಟರುಗಳಿದ್ದರು, ಲ್ಯಾಬಿನವರಿದ್ದರು, ಇಬ್ಬರು ಹಲ್ಲಿನ ಡಾಕ್ಟರುಗಳೂ ಇದ್ದರು. ಅವರೆಲ್ಲರ ನಡುವೆ ತನ್ನದೊಂದು ಮಾತು ತೂರಿಸುವುದೆಂದರೆ ಅವಳಿಗೆ ಊಟದ ಪಂಕ್ತಿಯಲ್ಲಿ ಕರೆಯದೆ ಕೂತ ಹಾಗೆ. ಎಲ್ಲರ ಹೆಸರಿನ ಪಕ್ಕ ಫೋಟೋ, ಅವಳದರ ಪಕ್ಕ ಬೂದು ಬಣ್ಣದ ಖಾಲಿ ತಲೆ. ಮೇಡಂ ಪ್ರತಿ ವಾರ ಬರೆಯುತ್ತಿದ್ದರು: 'ಸತ್ಯಭಾಮಾ, ನಿಮ್ಮ ಅನುಭವ ಎಲ್ಲಿ?' ಅನುಭವಕ್ಕೇನು ಬರಗಾಲವೇ? ಬರ ಇದ್ದದ್ದು ಬಾಯಿಗೆ.

ಮಂಗಳವಾರ ಸಂಜೆ ಐದೂವರೆ. ನೆರೂಳದಿಂದ ಠಾಣೆ ಪಟ್ಟಣಕ್ಕೆ ಹೋಗುವ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಬಾಗಿಲ ಪಕ್ಕ ನಿಂತು ಅವಳು ಮೊಬೈಲ್ ತೆಗೆದಳು. ವಾರದ ಪ್ರಶ್ನೆ ಓದಿದಳು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದರೆ ಏನು ಮಾಡಬೇಕು?

ಎಲ್ಲರಿಗಿಂತ ಮೊದಲು ಬರೆದವರು ಜಯಲತಾ. ಫೋಟೋದಲ್ಲಿ ಬಿಳಿ ಕೋಟು, ಹಣೆಗೆ ಸಣ್ಣ ಬೊಟ್ಟು. ಅದೇ ನಾಲ್ಕನೇ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಬಡ್ತಿಗೆ ಬೇಕೆಂದು ಅವರೂ ಇದೇ ಕೋರ್ಸಿಗೆ ಸೇರಿದ್ದರು. ಸತ್ಯಭಾಮಾಳಿಗೆ ಇದು ಮೊದಲ ವಾರದಿಂದ ಗೊತ್ತು. ಅವರಿಗೆ ಇವಳು ಗೊತ್ತಿಲ್ಲ. 'ಸತ್ಯಭಾಮಾ ಕಟ್ಟಿಮನಿ' ಎಂಬ ಹೆಸರನ್ನೂ ತಮ್ಮ ವಾರ್ಡಿನ ಸಣ್ಣ ಮಾವಶಿಯನ್ನೂ ಕೂಡಿಸಿ ನೋಡುವ ಪ್ರಸಂಗ ಅವರಿಗೆ ಬಂದಿರಲಿಲ್ಲ.

ಇಂಗ್ಲಿಷಿನಲ್ಲಿತ್ತು. ರಬಾಳೆ ಸ್ಟೇಷನ್ ದಾಟುವವರೆಗೂ ಒಂದೊಂದೇ ಪದ ಬಿಡಿಸುತ್ತ ಓದಿದಳು. ಗಾಯವನ್ನು ಸೋಪು ನೀರಿನಲ್ಲಿ ತೊಳೆಯಬೇಕು. ಹಿಂಡಬಾರದು. ಸ್ಪಿರಿಟ್ ಹಾಕಬಾರದು. ತಕ್ಷಣ ರಿಜಿಸ್ಟರಿನಲ್ಲಿ ದಾಖಲಿಸಬೇಕು. ಎಚ್ಐವಿ ತಗಲದಂತೆ ತಡೆಯುವ ಗುಳಿಗೆ ಇದೆ, ಎರಡು ತಾಸಿನೊಳಗೆ ಶುರು ಮಾಡಿದರೆ ಉತ್ತಮ, ಎಪ್ಪತ್ತೆರಡು ತಾಸು ದಾಟಿದರೆ ಉಪಯೋಗವಿಲ್ಲ. ಕೊನೆಗೊಂದು ಸಾಲು: 'ಇಂಥ ಘಟನೆಗಳಿಗೆ ಮುಖ್ಯ ಕಾರಣ ಹೌಸ್‌ಕೀಪಿಂಗ್ ಸಿಬ್ಬಂದಿಯ ಅಜಾಗರೂಕತೆ. ಅವರಿಗೆ ತಿಳಿವಳಿಕೆ ಕಡಿಮೆ.' ಕೆಳಗೆ ಮೇಡಂ ಬರೆದಿದ್ದರು: 'ಅತ್ಯುತ್ತಮ. ಹತ್ತಕ್ಕೆ ಹತ್ತು.'

ಹೇಳುವುದು ಶಾಸ್ತ್ರ, ಹಾಕುವುದು ಗಾಳ ಅಂತಾರಲ್ಲ, ಹಾಗೆ. ಆದರೆ ಸತ್ಯಭಾಮಾಳಿಗೆ ಆ ಗಳಿಗೆಗೆ ಸಿಟ್ಟು ಬರಲಿಲ್ಲ. ಗುಳಿಗೆ ಇದೆ. ಅದಕ್ಕೆ ಹೊತ್ತಿನ ಮಿತಿ ಇದೆ. ಬೆರಳು ಮಡಚಿ ಲೆಕ್ಕ ಹಾಕಿದಳು. ನಿನ್ನೆ ಹತ್ತೂವರೆಯಿಂದ ಈಗ ಮೂವತ್ತೊಂದು ತಾಸು ಹೋಗಿವೆ.

ಖೋಲಿಯಲ್ಲಿ ಚಂದ್ರಬಾಯಿ ರೊಟ್ಟಿ ಬಡಿಯುತ್ತಿದ್ದಳು. ಮಗಳು ಎಲ್ಲ ಹೇಳಿದಳು. ಅವ್ವನ ಕೈ ನಿಂತಿತು. ತವೆಯ ಮೇಲಿನ ರೊಟ್ಟಿ ಸೀದಿತು.

"ನಿನ್ನೆ ಯಾಕ್ ಹೇಳ್ಲಿಲ್ಲ?"

"ನಿಂಗ್ ಹೇಳಿ ಏನ್ ಮಾಡ್ಲಿ?"

"ಅದೂ ಖರೇನೇ ಅದ." ಚಂದ್ರಬಾಯಿ ಸೀದ ರೊಟ್ಟಿಯನ್ನು ಬದಿಗಿಟ್ಟಳು. "ನಾಳಿ ಮುಂಜಾನೆ ಸಿಸ್ಟರಿಗೆ ಕೇಳು. ಮೆತ್ತಗ ಕೇಳು. ಚಿಟ್ಠಿ ಇಲ್ದ ಯಾವ ದವಾಖಾನ್ಯಾಗ ನಮ್ಮನ್ನ ಒಳಗ ಬಿಡ್ತಾರ?"

ಬುಧವಾರ ಬೆಳಿಗ್ಗೆ ಎಂಟು. ನಲವತ್ತೈದೂವರೆ ತಾಸು. ಜಯಲತಾ ಸಿಸ್ಟರ್ ತಮ್ಮ ಮೇಜಿನಲ್ಲಿ ಚಾರ್ಟ್ ತುಂಬುತ್ತಿದ್ದರು. ಸತ್ಯಭಾಮಾ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಕೈ ಕಟ್ಟಿ ನಿಂತಳು.

"ಸಿಸ್ಟರ್, ನಂಗ ಆ ಗುಳಿಗಿ ಬೇಕಾಗಿತ್ರಿ. ಸೋಮವಾರ ನಿಮ್ಮ ವಾರ್ಡಿನ ಹಳದಿ ಚೀಲದಾಗಿಂದ ಸೂಜಿ ಹೊಕ್ಕದ."

ಪೆನ್ನು ನಿಂತಿತು. "ಯಾವ ಸೂಜಿ? ನೀನು ಚೀಲ ಬಿಚ್ಚಿ ನೋಡಿದ್ದೀಯಾ? ಪಿನ್ನು ಸಹ ಆಗಿರಬಹುದಲ್ಲ."

"ಸೂಜೀನೇರಿ. ನೀವು ಬರೆದದ್ದು ಓದೀನಿ. ಎಪ್ಪತ್ತೆರಡು ತಾಸಂತ."

"ನೀನು ಎಲ್ಲಿ ಓದಿದ್ದು?"

"ನಾನೂ ಆ ಕ್ಲಾಸಿನಾಗ ಇದೀನ್ರಿ. ಸತ್ಯಭಾಮಾ ಕಟ್ಟಿಮನಿ."

ಜಯಲತಾ ಅವಳನ್ನು ಮೊದಲ ಸಲ ಮೇಲಿನಿಂದ ಕೆಳಗೆ ನೋಡಿದರು. ಮುಖದಲ್ಲಿ ಆಶ್ಚರ್ಯ ಬಂತು, ಅದರ ಬೆನ್ನಿಗೇ ಹೆದರಿಕೆ ಬಂತು. ರಿಜಿಸ್ಟರಿನಲ್ಲಿ ಬರೆದರೆ ಮುಂದಿನ ಕಾಲಂ, ಸೂಜಿಯನ್ನು ಚೀಲಕ್ಕೆ ಹಾಕಿದವರು ಯಾರು ಎಂಬುದು. ಹದಿನೆಂಟು ಮಂಚಕ್ಕೆ ಸೋಮವಾರ ಇಬ್ಬರೇ ಸಿಸ್ಟರುಗಳಿದ್ದರು. ಒಬ್ಬರು ಇವರೇ.

"ಎರಡು ದಿನ ಆದ ಮೇಲೆ ಬಂದು ಹೇಳಿದರೆ ನಾನು ಹೇಗೆ ಬರೆಯುವುದು? ಅವತ್ತೇ ಬರಬೇಕಿತ್ತು."

"ಅವತ್ತೇ ಗುಣಪಾಲ ಸರಿಗೆ ಹೇಳೀನ್ರಿ."

"ಹಾಗಾದರೆ ಅವರ ಹತ್ತಿರ ಕೇಳು." ಅವರು ಚಾರ್ಟಿಗೆ ತಲೆ ಬಗ್ಗಿಸಿದರು. ರಿಜಿಸ್ಟರು ಅವರ ಮೊಣಕೈ ಕೆಳಗೇ ಇತ್ತು. ಅದರ ಮೇಲೆ ಅವರ ಟೀ ಕಪ್ಪು ಇತ್ತು.

ಗುಣಪಾಲ ಹೇಳಿದ್ದು ಇಷ್ಟೇ: "ನಿನ್ನ ಅಮ್ಮನಿಗೆ ಐವತ್ತಾಯ್ತಲ್ಲ? ಈ ಪ್ರಾಯದಲ್ಲಿ ಅವಳಿಗೆ ಬೇರೆ ಕಡೆ ಯಾರು ಕೆಲಸ ಕೊಡ್ತಾರೆ? ಸ್ವಲ್ಪ ಯೋಚನೆ ಮಾಡು ಆಯ್ತಾ."

ಹನ್ನೆರಡು ಗಂಟೆಗೆ ಸತ್ಯಭಾಮಾ ಕೊಳೆ ಬಟ್ಟೆಯ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ರಕ್ತ, ಕೀವು, ಫಿನಾಯಿಲು ನಾರುವ ಕೋಣೆ. ಬೇರೆ ಯಾರೂ ಅಲ್ಲಿಗೆ ಬರುವುದಿಲ್ಲ. ಬಟ್ಟೆಯ ಗಂಟಿನ ಮೇಲೆ ಕೂತು ಮೊಬೈಲ್ ತೆಗೆದಳು. ಎರಡು ಸಲ ಬರೆದು ಒರೆಸಿದಳು. ಮೂರನೆಯ ಸಲ ಮರಾಠಿಯಲ್ಲಿ, ಡ್ಯೂಟಿ ಹೇಳುವ ಹಾಗೆ ಬರೆದಳು:

'ರಮಾಮಣಿ ಮೇಡಂ ಮತ್ತು ಎಲ್ಲರಿಗೆ. ಜಯಲತಾ ಸಿಸ್ಟರ್ ಬರೆದ ಕ್ರಮ ಸರಿಯಾಗಿದೆ. ಒಂದನ್ನು ಮಾತ್ರ ನಾನು ಒಪ್ಪುವುದಿಲ್ಲ. ಸೂಜಿ ಚುಚ್ಚುವುದು ನಮ್ಮ ಅಜಾಗರೂಕತೆಯಿಂದ ಅಲ್ಲ. ಸೋಮವಾರ ಹತ್ತೂವರೆಗೆ ನಾಲ್ಕನೇ ವಾರ್ಡಿನ ಹಳದಿ ಚೀಲದಲ್ಲಿದ್ದ ಸೂಜಿ ನನ್ನ ಎಡಗೈ ತೋರುಬೆರಳಿಗೆ ಚುಚ್ಚಿತು. ಅದನ್ನು ಚೀಲಕ್ಕೆ ನಾನು ಹಾಕಿದ್ದಲ್ಲ. ಸೂಪರ್‌ವೈಸರಿಗೆ ಹೇಳಿದೆ, ದಾಖಲಿಸಲಿಲ್ಲ. ಇವತ್ತು ಎಂಟಕ್ಕೆ ಜಯಲತಾ ಸಿಸ್ಟರಿಗೆ ಹೇಳಿದೆ, ದಾಖಲಿಸಲಿಲ್ಲ. ಈಗ ಐವತ್ತು ತಾಸು ಆಗಿದೆ. ಇನ್ನು ಇಪ್ಪತ್ತೆರಡು ಇದೆ. ನನ್ನ ಪ್ರಶ್ನೆ: ರಿಜಿಸ್ಟರಿನಲ್ಲಿ ಹೆಸರಿಲ್ಲದವರಿಗೆ ಆ ಗುಳಿಗೆ ಎಲ್ಲಿ ಸಿಗುತ್ತದೆ? ಗೊತ್ತಿದ್ದವರು ದಯವಿಟ್ಟು ಉತ್ತರ ಬರೆಯಿರಿ. ಸತ್ಯಭಾಮಾ ಕಟ್ಟಿಮನಿ, ಹೌಸ್‌ಕೀಪಿಂಗ್, ನೆರೂಳ.'

ಹನ್ನೆರಡೂವರೆಗೆ ಗುಂಡಿ ಒತ್ತಿದಳು. ಬರೆದದ್ದರ ಕೆಳಗೆ ಎರಡು ಪದ: ತಿದ್ದು, ಅಳಿಸು. ಅವುಗಳ ಪಕ್ಕದಲ್ಲಿ ನಿಮಿಷಗಳು. ಹೆಬ್ಬೆರಳು ತಾನಾಗಿ 'ಅಳಿಸು' ಮೇಲೆ ಹೋಗಿ ನಿಂತಿತು. ತೆಗೆದಳು. ಮತ್ತೆ ಹೋಯಿತು. ಅವಳು ಮೊಬೈಲನ್ನು ನೆಲದ ಮೇಲಿಟ್ಟು ಕೈಗಳ ಮೇಲೆ ಕೂತಳು.

ಕಾಲು ತಾಸಿಗೆ ಚಂದ್ರಬಾಯಿ ಚಾದರಗಳ ಹೊರೆ ಹೊತ್ತು ಒಳಗೆ ಬಂದಳು. ಮಗಳ ಮುಖ ನೋಡಿ ಹೊರೆ ಕೆಳಗೆ ಹಾಕಿದಳು. ವಿಷಯ ಕೇಳಿದವಳೇ ನೆಲದ ಮೇಲೆ ಕುಸಿದಳು.

"ಹೆಸರು ಹಾಕೀಯೇನು?"

"ಹಾಕೀನಿ."

"ಸಿಸ್ಟರಂದೂ?"

"ಹ್ಞೂಂ."

"ಅಳಸು. ನಮ್ಮವ್ವಾ, ಅಳಸು ಅದನ್ನ. ಹನ್ನೆರಡು ವರ್ಷ ತಲಿ ತಗ್ಗಿಸಿ ದುಡದೀನಿ. ಯಾರ ಕೂಡನೂ ಒಂದ್ ಮಾತ್ ಎದುರಾಡಿಲ್ಲ. ದೊಡ್ಡವರ ಕೂಡ ಜಗಳ ಮಾಡಿ ನಮ್ಮಂಥೋರು ಉಳದದ್ದು ಎಲ್ಲೆರ ಕೇಳೀಯೇನು?"

"ಸುಮ್ಮಿದ್ದು ಉಳದದ್ದು ಎಲ್ಲೆರ ಅದ ಏನವ್ವಾ?"

"ನಂಗ ಅಂಜಿಕಿ ಬರ್ತದ ಭಾಮಾ."

"ನಂಗೂ ಬರ್ತದ." ಅವಳು ನೆಲದ ಮೇಲಿನ ಮೊಬೈಲನ್ನು ಎತ್ತಿಕೊಂಡಳು. "ನನ್ ಮೈಯಾಗ ಏನ್ ಹೊಕ್ಕದೋ ಗೊತ್ತಿಲ್ಲ. ಅದರ ಅಂಜಿಕಿ ಮುಂದ ಇವರ ಅಂಜಿಕಿ ಸಣ್ಣದು."

ತಾಯಿ ಮೊಬೈಲಿಗೆ ಕೈ ಹಾಕಿದಳು. ಮಗಳು ಕೊಡಲಿಲ್ಲ. ಇಬ್ಬರೂ ಕೊಳೆ ಬಟ್ಟೆಯ ನಡುವೆ ಒಬ್ಬರ ಕೈ ಒಬ್ಬರು ಹಿಡಿದು ಕೂತರು. ಒಂದು ಗಂಟೆಗೆ 'ತಿದ್ದು, ಅಳಿಸು' ಎರಡೂ ಪದಗಳು ಹೋದವು. ಬರೆದದ್ದು ನಲವತ್ತೆರಡು ಮನೆ ಮುಟ್ಟಿತು.

ಒಂದೂ ಇಪ್ಪತ್ತಕ್ಕೆ ರಮಾಮಣಿ ಮೇಡಂ ಫೋನ್ ಬಂತು. ಮೈಸೂರಿನವರು, ಮಾತು ಮೆತ್ತಗೆ. "ನೋಡಮ್ಮ ಸತ್ಯಭಾಮಾ, ನಿನ್ನ ಧೈರ್ಯ ನಂಗೆ ಅರ್ಥ ಆಗತ್ತೆ. ಆದ್ರೆ ಚರ್ಚೆ ಅಂದ್ರೆ ಆರೋಪ ಅಲ್ಲ ಕಣಮ್ಮ. ಹೆಸರು ಹಾಕಬಾರದಿತ್ತು. ಆಸ್ಪತ್ರೆಯಿಂದ ನಮ್ಮ ಸಂಸ್ಥೆಗೆ ಆಗಲೇ ಫೋನ್ ಬಂದಿದೆ. ತೆಗೀರಿ ಅಂತ ನೀನೇ ಒಂದು ಸಾಲು ಬರೆದುಬಿಡು, ನಾನು ತೆಗೀತೀನಿ."

"ಮೇಡಂ, ದಿನ, ಹೊತ್ತು, ಜಾಗ ಹಾಕ್ರಿ ಅಂತ ನೀವೇ ಹೇಳಿದ್ರಿ."

"ಅದು ಹೆಸರು ಬಿಟ್ಟು ಹೇಳಿದ್ದಮ್ಮ," ಎಂದರು ಮೇಡಂ.

"ಮೇಡಂ, ಗುಳಿಗಿ ಎಲ್ಲಿ ಸಿಗ್ತದರಿ?"

"ಅದು... ನಿಮ್ಮ ಆಸ್ಪತ್ರೆಯವರೇ ಕೊಡಬೇಕಮ್ಮ," ಎಂದರು ಮೇಡಂ. ಆಮೇಲೆ ಮೀಟಿಂಗ್ ಇದೆ ಎಂದು ಇಟ್ಟರು.

ಎರಡು ಗಂಟೆಗೆ ಐದನೇ ಮಹಡಿಗೆ ಕರೆ ಬಂತು. ಆಡಳಿತದ ಮ್ಯಾನೇಜರ್ ಪುಂಡರೀಕಾಕ್ಷ, ಬೆಂಗಳೂರಿನವರು. ಅವರ ಕೋಣೆಯ ನೆಲವನ್ನು ಸತ್ಯಭಾಮಾ ಎರಡು ವರ್ಷದಿಂದ ಒರೆಸಿದ್ದಾಳೆ, ಕುರ್ಚಿಯಲ್ಲಿ ಕೂತಿರಲಿಲ್ಲ. ಇವತ್ತು ಕೂತುಕೋ ಅಂದರು. ಅವಳು ಕುರ್ಚಿಯ ಅಂಚಿಗೆ ಕೂತಳು. ಹಿಂದೆ ಗೋಡೆಗೆ ಆತು ಗುಣಪಾಲ, ಪಕ್ಕದಲ್ಲಿ ಜಯಲತಾ, ಬಾಗಿಲ ಹತ್ತಿರ ಸೆರಗು ಬಾಯಿಗೆ ಹಿಡಿದ ಚಂದ್ರಬಾಯಿ. ಮೇಜಿನ ಮೇಲೆ ಒಂದು ಗುಳಿಗೆ ಡಬ್ಬಿ.

"ನೋಡಮ್ಮ," ಎಂದರು ಪುಂಡರೀಕಾಕ್ಷ. "ನಾವೇನು ಕಟುಕರಲ್ಲ. ಇದು ಅದೇ ಮೆಡಿಸಿನ್. ಇಪ್ಪತ್ತೆಂಟು ದಿನದ್ದು. ನಮ್ಮ ಫಾರ್ಮಸಿಯಿಂದ ತರಿಸಿದೀನಿ. ಈಗ್ಲೇ ತಗೋ, ಇಲ್ಲೇ ನೀರಿದೆ."

ಅವಳ ಕೈ ಮೇಜಿನ ಅಂಚಿಗೆ ಬಂತು.

"ಅದಕ್ಕೆ ಮುಂಚೆ ಒಂದು ಸಣ್ಣ ಕೆಲಸ. ಆ ಬೋರ್ಡಲ್ಲಿ ಇನ್ನೊಂದು ಉತ್ತರ ಹಾಕು. ಜಯಲತಾ ಟೈಪ್ ಮಾಡಿಟ್ಟಿದಾರೆ, ನೀನು ನಿನ್ನ ಹೆಸರಲ್ಲಿ ಕಳಿಸಿದ್ರೆ ಸಾಕು."

ಜಯಲತಾ ತಮ್ಮ ಮೊಬೈಲನ್ನು ಅವಳ ಮುಂದೆ ಹಿಡಿದರು. 'ನನ್ನಿಂದ ತಪ್ಪಾಗಿದೆ. ಚುಚ್ಚಿದ್ದು ಸೂಜಿಯಲ್ಲ, ಕಾಗದದ ಪಿನ್ನು. ನನ್ನ ತಿಳಿವಳಿಕೆ ಕಡಿಮೆ. ಎಲ್ಲರ ಕ್ಷಮೆ ಕೇಳುತ್ತೇನೆ.'

"ಪಿನ್ನು ಹೊಕ್ಕಿದ್ರ ಈ ಗುಳಿಗಿ ಯಾಕ್ರಿ ಸರ್?"

ಪುಂಡರೀಕಾಕ್ಷ ನಕ್ಕರು. "ಬುದ್ಧಿವಂತೆ ನೀನು. ಬುದ್ಧಿವಂತರು ಸಮಯ ನೋಡ್ತಾರೆ. ಎಷ್ಟಾಯ್ತು ಈಗ? ಐವತ್ತೆರಡು ಗಂಟೆನಾ?"

ಐವತ್ತಮೂರೂವರೆ... ಅಲ್ಲ, ಐವತ್ತೆರಡು. ಅವಳ ತಲೆಯಲ್ಲಿ ಲೆಕ್ಕ ತಪ್ಪತೊಡಗಿತ್ತು. ಕಳಿಸಿಬಿಡಲೇ? ಒಂದು ಗುಂಡಿ. ಗುಳಿಗೆ ಕೈಗೆ ಬರುತ್ತದೆ, ಅವ್ವನ ಕೆಲಸ ಉಳಿಯುತ್ತದೆ. ಮೂರು ತಿಂಗಳ ಮೇಲೆ ಪರೀಕ್ಷೆಯಲ್ಲಿ ಏನಾದರೂ ಬಂದರೆ? ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಪಿನ್ನೆಂದು ನೀನೇ ಬರೆದಿದ್ದೀ ಅನ್ನುತ್ತಾರೆ. ಮದುವೆಯಾಗದ ಹುಡುಗಿಗೆ ಈ ರೋಗ ಎಲ್ಲಿಂದ ಬಂತು ಎಂದು ಕೇರಿ ಕೇಳುತ್ತದೆ, ಕಳವಾ ಕೇಳುತ್ತದೆ. ಕೈ ಮೊಬೈಲಿನ ಕಡೆ ಹೋಗುತ್ತಿತ್ತು. ಇದನ್ನು ಮುಚ್ಚಿಡುವುದು ಯಾಕೆ, ಹೋಗುತ್ತಿತ್ತು.

ಆಗ ಅವಳ ಜೇಬಿನಲ್ಲಿದ್ದ ಮೊಬೈಲ್ ಗುಯ್‌ಗುಟ್ಟಿತು. ಬೋರ್ಡಿನ ಮೇಲೆ ಅವಳಿಗೆ ಉತ್ತರ ಬಂದಿತ್ತು. ಹೆಸರು ಉಮಾವತಿ, ಊರು ಕಲ್ಯಾಣ. ಏಳು ವಾರ ಇವಳ ಹಾಗೆಯೇ 'ಒಪ್ಪುತ್ತೇನೆ' ಎಂದಷ್ಟೇ ಬರೆದಿದ್ದ ಇನ್ನೊಂದು ಖಾಲಿ ತಲೆ. ಹಿಂದಿಯಲ್ಲಿ ಬರೆದಿದ್ದಳು:

'ಸತ್ಯಭಾಮಾ, ನಾನು ಲ್ಯಾಬಿನಲ್ಲಿ ಬಾಟಲಿ ತೊಳೆಯುವವಳು. ನನಗೂ ಹೋದ ವರ್ಷ ಹೀಗೇ ಆಗಿತ್ತು. ಯಾವ ರಿಜಿಸ್ಟರೂ ಬೇಡ, ಯಾವ ಚೀಟಿಯೂ ಬೇಡ. ದೊಡ್ಡ ಸರಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ಸೂಜಿ ಚುಚ್ಚಿದೆ ಎಂದು ಹೇಳು, ಕೊಡುತ್ತಾರೆ. ಯಾರಿಗೂ ಕಾಯಬೇಡ. ಈಗಲೇ ಹೋಗು. ನೀನು ಬರೆದದ್ದನ್ನು ತೆಗೆಯಬೇಡ.'

ಸತ್ಯಭಾಮಾ ಎರಡು ಸಲ ಓದಿದಳು. ಎದ್ದು ನಿಂತಳು. ಮೇಜಿನ ಅಂಚು ಹಿಡಿದುಕೊಂಡಳು.

"ಬರೆಯಂಗಿಲ್ರಿ."

"ಏನು?"

"ಪಿನ್ನು ಅಂತ ನಾ ಬರೆಯಂಗಿಲ್ಲ. ನಿಮ್ಮ ಡಬ್ಬಿ ನೀವೇ ಇಟ್ಕೋರಿ."

ಗುಣಪಾಲ ಗೋಡೆ ಬಿಟ್ಟು ಮುಂದೆ ಬಂದ. "ಏ, ಯಾರ ಹತ್ತಿರ ಮಾತಾಡ್ತಿದ್ದಿ ಅಂತ ಗೊತ್ತುಂಟಾ?"

"ಗೊತ್ತದರಿ. ಅವರ ಸಂಡಾಸ ನಾನೇ ತೊಳಿತೀನಿ."

ಪುಂಡರೀಕಾಕ್ಷ ಡಬ್ಬಿಯನ್ನು ಡ್ರಾಯರಿಗೆ ಹಾಕಿ ಮುಚ್ಚಿದರು. "ಇಬ್ಬರ ಕಾರ್ಡೂ ತಗೊಳ್ಳಿ," ಎಂದರು ಗುಣಪಾಲನಿಗೆ. ಅವಳ ಕಡೆ ನೋಡಲಿಲ್ಲ.

ಗುಣಪಾಲ ಕೈ ಚಾಚಿದ. ಸತ್ಯಭಾಮಾ ಕತ್ತಿನಿಂದ ಕಾರ್ಡು ತೆಗೆದು ಕೊಟ್ಟಳು. ಆಮೇಲೆ ಚಂದ್ರಬಾಯಿಯ ಕಡೆ ಚಾಚಿದ. ಹನ್ನೆರಡು ವರ್ಷದ ಕಾರ್ಡು, ಫೋಟೋ ಮಾಸಿ ಮುಖವೇ ಕಾಣುತ್ತಿರಲಿಲ್ಲ. ಅವಳು ಅದನ್ನು ಕೊಡುವಾಗ ಅಳುತ್ತಿದ್ದಳು. ಜಯಲತಾ ಕಿಟಕಿಯ ಕಡೆ ತಿರುಗಿದರು.

ತಾಯಿ ಮಗಳು ಠಾಣೆಯ ಗಾಡಿ ಹತ್ತಿದರು. ಜೂಯಿನಗರ, ತುರ್ಭೆ, ಕೋಪರಖೈರಣೆ, ಒಂದೊಂದು ಸ್ಟೇಷನ್ನಿನಲ್ಲೂ ಗಾಡಿ ಬೇಕೆಂತಲೇ ನಿಂತು ಹೊರಟಂತೆ ಅವಳಿಗೆ ಕಂಡಿತು. ಘಣಸೋಲಿಯಲ್ಲಿ ಸಿಗ್ನಲ್ಲಿಗೆ ಹತ್ತು ನಿಮಿಷ ನಿಂತಾಗ ಬಾಗಿಲಿಗೆ ಬಂದು ಹಳಿಯ ಉದ್ದಕ್ಕೂ ನೋಡಿದಳು. ಇಳಿದು ಓಡಲೇ ಅನ್ನಿಸಿತು. ಠಾಣೆಯಲ್ಲಿ ಕಳವಾ ಕಡೆಯ ಗಾಡಿ ಹಿಡಿಯಲು ಸೇತುವೆ ಹತ್ತುವಾಗ ಅವ್ವನ ಉಸಿರು ಕಟ್ಟಿತು. ಮಗಳು ರಟ್ಟೆ ಹಿಡಿದು ಎಳೆದುಕೊಂಡೇ ಹೋದಳು.

ಕಳವಾ ಊರಿನ ಮುನ್ಸಿಪಾಲ್ಟಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೇಳಿದ್ದು ಮೂರೇ ಪ್ರಶ್ನೆ. ಯಾವಾಗ, ಎಲ್ಲಿ, ಯಾವ ಬೆರಳು. ನಿನ್ನ ಚೀಟಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಐದೂ ಹತ್ತಕ್ಕೆ ಮೊದಲನೆಯ ಗುಳಿಗೆ ನುಂಗಿದಳು. ಐವತ್ತನಾಲ್ಕು ತಾಸು ನಲವತ್ತು ನಿಮಿಷ.

"ತಡವಾಗಿದೆ, ಆದರೆ ಹೊತ್ತು ಮೀರಿಲ್ಲ," ಎಂದರು ಎಳೆಯ ಡಾಕ್ಟರು. "ಇಪ್ಪತ್ತೆಂಟು ದಿನ ತಪ್ಪದೆ ನುಂಗಬೇಕು. ವಾಂತಿ ಬರಬಹುದು, ಬಿಡಬಾರದು. ಆರು ವಾರ ಆದ ಮೇಲೊಮ್ಮೆ, ಮೂರು ತಿಂಗಳಾದ ಮೇಲೊಮ್ಮೆ ರಕ್ತ ನೋಡೋಣ. ಅಲ್ಲಿಯವರೆಗೆ ಏನೂ ಹೇಳಲಾಗುವುದಿಲ್ಲ."

ಮೂರು ತಿಂಗಳು. ಹೆದರಿಕೆ ಹೋಯಿತೆಂದು ಯಾರಾದರೂ ತಿಳಿದಿದ್ದರೆ ಅವರು ಹುಚ್ಚರು. ಗುಳಿಗೆಯ ಜೊತೆಗೆ ಅದೂ ಹೊಟ್ಟೆಗಿಳಿದು ಅಲ್ಲೇ ಕೂತಿತು.

ಪಕ್ಕದ ಮೇಜಿನಲ್ಲಿ ಕನ್ನಡಕದ ಹೆಂಗಸೊಬ್ಬರು ಹೆಸರು, ವಯಸ್ಸು, ವಿಳಾಸ ಬರೆದುಕೊಂಡರು. ಬರೆದು ಮುಗಿದ ಮೇಲೆ ಚಂದ್ರಬಾಯಿಯ ಕಡೆ ತಲೆಯೆತ್ತಿ ಮರಾಠಿಯಲ್ಲಿ ಕೇಳಿದರು. "ನೀವೂ ಅಲ್ಲೇ ಕೆಲಸಕ್ಕಿದ್ದಿರಾ? ಎಷ್ಟು ವರ್ಷ?"

"ಹನ್ನೆರಡು."

"ನಿಮಗೆ ಯಾವತ್ತಾದರೂ ಚುಚ್ಚಿದ್ದುಂಟಾ?"

ಚಂದ್ರಬಾಯಿ ತನ್ನ ಎರಡೂ ಅಂಗೈ ಮೇಜಿನ ಮೇಲೆ ಬಿಚ್ಚಿಟ್ಟಳು. ಫಿನಾಯಿಲಿನಲ್ಲಿ ಬೆಂದು ಬಿಳಿಚಿದ ಕೈಗಳು. ಅವನ್ನೇ ಸ್ವಲ್ಪ ಹೊತ್ತು ನೋಡಿದಳು.

"ಯಾವುದು ಹೇಳ್ಲಿ ಬಾಯಾರ?"

ಬರೆಯುವ ಹೆಂಗಸು ಪೆನ್ನು ಎತ್ತಿ ಹಿಡಿದರು. ಸತ್ಯಭಾಮಾ ಅವ್ವನ ಕಡೆ ತಿರುಗಿದಳು. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಈ ಬಾಯಿಯಿಂದ ಈ ಮಾತು ಬಂದಿರಲಿಲ್ಲ.

"ಎಷ್ಟವ್ವಾ?"

"ಎಣಸಿಲ್ಲ. ಆರೋ ಏಳೋ. ಸ್ಪಿರಿಟ್ ಹಾಕು ಅಂದ್ರು, ಹಾಕ್ಕೊಂಡೆ."

"ರಕ್ತ ತೋರಿಸೀಯೇನು?"

"ಯಾರ್ ತೋರಿಸು ಅಂದ್ರು?"

ಕನ್ನಡಕದ ಹೆಂಗಸು ಇನ್ನೊಂದು ಫಾರ್ಮು ತೆಗೆದರು. ಚಂದ್ರಬಾಯಿ ಅದನ್ನು ನೋಡಿದಳು, ಮಗಳನ್ನು ನೋಡಿದಳು. ಮಧ್ಯಾಹ್ನ ಕಸಿದುಕೊಳ್ಳಲು ಹೋಗಿದ್ದ ಮೊಬೈಲನ್ನು ಬೆರಳಿಂದ ತೋರಿಸಿದಳು.

"ಅದ್ರಾಗ ನಂದೂ ಬರಿ. ಸಿಸ್ಟರುಗಳ ಹೆಸರು ನೆನಪದಾವ ನಂಗ. ಮೊದಲನೇದು, ನೀ ಐದನೇ ಕ್ಲಾಸಿನಾಗ ಇದ್ದಿ, ಗಣಪತಿ ಹಬ್ಬದ ಮರುದಿನ, ಹೆರಿಗಿ ವಾರ್ಡು. ಬಲಗೈ ಹೆಬ್ಬೆರಳು. ಬರದ್ಯಾ? ಎರಡನೇದು..."